ಕೈರೋಪ್ರಾಕ್ಟಿಕ್: ನಡನೋವಿಗೆ ಸರಿ, ಪ್ಯಾಕೇಜಿಗೆ ಬೇಡ

ಕೈರೋಪ್ರಾಕ್ಟಿಕ್ ಎಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ, ತಿರುವಿ ನೋವು ತಗ್ಗಿಸುವ ಪದ್ಧತಿ. ನಾನು ಹೋದ ಕ್ಲಿನಿಕ್ಕಿಗೆ ಐದರಲ್ಲಿ ಮೂರು ಸ್ಟಾರ್. ಕೈಕೆಲಸಕ್ಕೆ ಎರಡು, ತಪಾಸಣೆಗೆ ಒಂದು. ಉಳಿದೆರಡನ್ನು ಪ್ಯಾಕೇಜ್ ತಿಂದಿತು. ಬೆಳಗಾವಿಯ ಆ ಕ್ಲಿನಿಕ್ಕಿನ ಹೆಸರು ಬೇಡ, ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವಷ್ಟು ಬರೆಯುತ್ತೇನೆ.

ತಪಾಸಣೆ ಚೊಲೋ ಇದೆ. ಅಂಗಾತ ಮಲಗಿಸಿ, ಮೊಣಕಾಲು ಮಡಚದಂತೆ ಒಂದೊಂದೇ ಕಾಲು ಎತ್ತುತ್ತಾರೆ. 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲು ದಾಟಿ ಕೆಳಗೆ ಸೆಳೆದರೆ ನರ ಒತ್ತಿರುವ ಅನುಮಾನ. ಹೆಬ್ಬೆರಳು ಎತ್ತಿಸಿ ಬಲ ನೋಡುತ್ತಾರೆ, ಮೊಣಕಾಲಿಗೆ, ಹಿಮ್ಮಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಇಷ್ಟೂ ಮಾಡದೆ ಸೀದಾ ಕೈ ಹಾಕುವವರಾದರೆ ಎದ್ದು ಬನ್ನಿ.

ನಡಕ್ಕೆ ಮಾಡುವ ಕ್ರಮ ಹೀಗೆ: ಮಗ್ಗುಲಿಗೆ ಮಲಗಬೇಕು. ಕೆಳಗಿನ ಕಾಲು ನೆಟ್ಟಗೆ, ಮೇಲಿನ ಕಾಲು ಮಡಚಿ ಪಾದವನ್ನು ಕೆಳಗಿನ ಮೊಣಕಾಲಿನ ಹಿಂದೆ ಸಿಗಿಸುತ್ತಾರೆ. ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ ತಿರುವಿ, ಕೀಲು ಇನ್ನು ಸರಿಯದು ಎನ್ನುವಲ್ಲಿ ಹಿಡಿದು, ಉಸಿರು ಬಿಟ್ಟ ಕೊನೆಗೆ ಒಂದು ಗಿಡ್ಡ, ಚುರುಕಾದ ಒತ್ತು. ಇಲ್ಲಿ ಶಕ್ತಿಗಿಂತ ವೇಗ ಮುಖ್ಯ. ನೀವು ಉಸಿರು ಬಿಗಿಹಿಡಿದಿರೋ, ಸ್ನಾಯು ಅಡ್ಡ ನಿಲ್ಲುತ್ತದೆ. ಒತ್ತು ಹುಸಿಹೋಗಿ ಮರುದಿನ ಮೈನೋವಷ್ಟೇ ಗಳಿಕೆ. ರೊಟ್ಟಿ-ಝುಣಕ ಜಡಿದು ನೇರ ಹೋಗಿ ಬೋರಲು ಮಲಗಲೂಬೇಡಿ.

ಆ ‘ಟಕ್’ ಸದ್ದು ಎಲುಬು ಜಾಗಕ್ಕೆ ಕೂತದ್ದರ ಗುರುತಲ್ಲ. ಕೀಲಿನ ಎರಡು ಮೈ ತಟ್ಟನೆ ದೂರಾದಾಗ ಒಳಗಿನ ದ್ರವದ ಒತ್ತಡ ಕುಸಿದು ಅನಿಲದ ಪೊಳ್ಳು ಏಳುತ್ತದೆ. ಅದೇ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಡ್ರಾಪ್ ಟೇಬಲ್ಲಿನ ‘ಧಡ್’ ಅಂತೂ ಪೂರಾ ಟೇಬಲ್ಲಿನದೇ: ಮಲಗುವ ಟೇಬಲ್ಲಿನ ಒಂದು ತುಂಡು ಹಲಗೆಯನ್ನು ತುಸು ಎತ್ತಿಟ್ಟಿರುತ್ತಾರೆ, ಒತ್ತಿದೊಡನೆ ಬೀಳುತ್ತದೆ. ಕೇಳಿದವರಿಗೆ ಮಾತ್ರ ದೊಡ್ಡ ಕೆಲಸವಾದಂತೆ ಸಮಾಧಾನ! ಖರೆ ಲಾಭವೆಂದರೆ ಬಿಗಿದ ಸ್ನಾಯು ಸಡಿಲಾಗಿ ಕೆಲಹೊತ್ತು ನೋವು ತಗ್ಗುವುದು. ಆ ಹೊತ್ತಿನಲ್ಲೇ ನಡೆದಾಡಬೇಕು, ವ್ಯಾಯಾಮ ಮಾಡಬೇಕು. ಬಾಗಲಕೋಟೆ ಬಸ್ಸಿನ ಕೊನೆಯ ಸೀಟಿನಲ್ಲಿ ಕುಕ್ಕರಿಸಿಕೊಂಡು ಊರಿಗೆ ಮರಳಿದರೆ ಸಡಿಲಾದದ್ದು ದಾರಿಯಲ್ಲೇ ಬಿಗಿಯುತ್ತದೆ. ಇಳಕಲ್ಲಿನ ನೇಕಾರರಂತೆ ಇಡೀ ದಿನ ಮಗ್ಗಕ್ಕೆ ಬಾಗುವವರು ಅರ್ಧ ತಾಸಿಗೊಮ್ಮೆ ಏಳದಿದ್ದರೆ ಎಷ್ಟು ಒತ್ತಿಸಿಕೊಂಡರೂ ಅಷ್ಟೇ.

ಇನ್ನು ನನ್ನ ತಕರಾರು. 1895ರಲ್ಲಿ ಅಮೆರಿಕದ ಅಯೋವಾದಲ್ಲಿ ಕೈರೋಪ್ರಾಕ್ಟಿಕ್ ಶುರುಮಾಡಿದ ಡಿ.ಡಿ. ಪಾಮರ್, ಬಹುತೇಕ ರೋಗಗಳಿಗೆ ಬೆನ್ನಿನ ಮಣಿ ಸರಿದದ್ದೇ ಮೂಲ ಎಂದಿದ್ದ. ಆ ಮಾತು ನಿಲ್ಲಲಿಲ್ಲ, ಆದರೆ ಮಾರಾಟಕ್ಕೆ ಇನ್ನೂ ಬಳಕೆಯಲ್ಲಿದೆ: ಎಕ್ಸ್‌ರೇ ಹಿಡಿದು ‘ಮಣಿ ಸರಿದದೆ’ ಅನ್ನುವುದು, ತಿಂಗಳುಗಟ್ಟಲೆ ಪ್ಯಾಕೇಜಿಗೆ ಮುಂಗಡ ಕೇಳುವುದು. ವಯಸ್ಸಿನ ಸವೆತ ನೋವಿಲ್ಲದವರ ಎಕ್ಸ್‌ರೇಯಲ್ಲೂ ಕಾಣುತ್ತದೆ. ಸಾದಾ ನಡನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ, ವ್ಯಾಯಾಮವೂ ಹೆಚ್ಚುಕಡಿಮೆ ಇಷ್ಟೇ ಗುಣ ಕೊಡುತ್ತದೆ. ನಾಲ್ಕು ಸಿಟ್ಟಿಂಗಿಗೂ ಫರಕು ಕಾಣದಿದ್ದರೆ ನಾನಂತೂ ಐದನೆಯದಕ್ಕೆ ದುಡ್ಡು ಕೊಡೆನು.

ಕುತ್ತಿಗೆ ತಿರುವಿ ಝಾಡಿಸುವುದಕ್ಕೆ ಒಪ್ಪಬೇಡಿ. ಅಪರೂಪವಾದರೂ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ. ಎಲುಬು ಟೊಳ್ಳಾದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ಸೋತರೆ ಇಂಥ ಕ್ಲಿನಿಕ್ಕಿಗಲ್ಲ, ಅಂದೇ ದೊಡ್ಡಾಸ್ಪತ್ರೆಗೆ ಹೋಗಿ.