ಮೂನ್‌ಸ್ಟೋನ್: ಪದಕಕ್ಕೆ ಸರಿ, ದಿನಾ ಹಾಕುವ ಉಂಗುರಕ್ಕೆ ಬೇಡ

ಶ್ರೀಲಂಕಾಕ್ಕೆ ಹೋದಾಗ ಮೀಟಿಯಾಗೊಡದಲ್ಲಿ ಕೊಂಡ ಎರಡು ಮೂನ್‌ಸ್ಟೋನ್ ಹರಳುಗಳು ನನ್ನ ಹತ್ತಿರ ಇವೆ. ಒಂದನ್ನು ಬೆಳ್ಳಿ ಉಂಗುರಕ್ಕೆ ಕೂರಿಸಿದ್ದೇನೆ, ಇನ್ನೊಂದನ್ನು ಪದಕಕ್ಕೆ. ಎರಡೂ ಒಂದೇ ಅಂಗಡಿಯವು, ಹೆಚ್ಚುಕಮ್ಮಿ ಒಂದೇ ಗುಣಮಟ್ಟದವು. ಕೆಲವು ವರ್ಷಗಳಿಂದ ಎರಡನ್ನೂ ದಿನಾ ಹಾಕಿಕೊಳ್ಳುತ್ತಿದ್ದೇನೆ. ಪದಕ ಇವತ್ತಿಗೂ ಹೊಸದರ ಹಾಗೇ ಇದೆ. ಉಂಗುರದ ಹರಳು ಮಾತ್ರ ಮಂಕಾಗಿದೆ, ಅಂಚಿನಲ್ಲಿ ಒಂದು ಚೂರು ಎದ್ದಿದೆ. ಪದಕಕ್ಕೆ ಐದಕ್ಕೆ ಐದು ಕೊಡುತ್ತೇನೆ. ಉಂಗುರಕ್ಕೆ ಎರಡು.

ಚಂದದ ವಿಷಯದಲ್ಲಿ ಮಾತ್ರ ಒಂದು ದೂರೂ ಇಲ್ಲ. ಹರಳನ್ನು ಸ್ವಲ್ಪ ಅಲುಗಿಸಿದರೆ ಸಾಕು, ಒಳಗಿನಿಂದ ನೀಲಿ ಬೆಳಕೊಂದು ತೇಲಿ ಬಂದು ಆಚೆ ಜಾರುತ್ತದೆ. ಇದಕ್ಕೆ ಕಾರಣ ಕಲ್ಲು ಹುಟ್ಟಿದ ರೀತಿ. ಮೂನ್‌ಸ್ಟೋನ್ ಫೆಲ್ಡ್‌ಸ್ಪಾರ್ ಜಾತಿಯ ಖನಿಜ. ಬಿಸಿಯಾಗಿದ್ದಾಗ ಒಂದಾಗಿ ಬೆರೆತಿದ್ದ ಎರಡು ಬಗೆಯ ಫೆಲ್ಡ್‌ಸ್ಪಾರ್, ನಿಧಾನಕ್ಕೆ ತಣಿಯುವಾಗ ಬೇರೆಯಾಗಿ ಒಂದರ ಮೇಲೊಂದು ತೆಳು ಪದರಗಳಾಗುತ್ತವೆ. ಬೆಳಕು ಆ ಪದರಗಳಿಗೆ ತಾಗಿ ಚದುರುತ್ತದೆ. ಪದರ ತುಂಬಾ ತೆಳುವಾಗಿದ್ದರೆ ನೀಲಿ, ದಪ್ಪವಾದರೆ ಹಾಲುಬಿಳಿ. ಮೀಟಿಯಾಗೊಡ ಹೆಸರಾಗಿರುವುದು ಈ ನೀಲಿಗೇ. ಅದು ಗಾಲೆ ಜಿಲ್ಲೆಯ ಅಂಬಲಂಗೊಡ ಪಟ್ಟಣದ ಹತ್ತಿರದ ಊರು. ಅಲ್ಲಿನ ನೆಲದಲ್ಲಿ ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣೂ ಸಿಗುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಆಗುವುದೇ ಆ ಮಣ್ಣು. ಪೂರ್ತಿ ಕೊಳೆಯದೆ ಉಳಿದ ಗಟ್ಟಿ ತುಂಡುಗಳಲ್ಲಿ ಒಂದು ನನ್ನ ಕೊರಳಲ್ಲಿದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಒಂದು ಮಾತು. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಈ ನೀಲಿ ಅಷ್ಟಾಗಿ ಕಾಣುವುದಿಲ್ಲ. ಒಂದೇ ಕಡೆಯಿಂದ ಬರುವ ಬೆಳಕು ಬೇಕು. ಒಂಟಿ ಬಲ್ಬು ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ.

ಇನ್ನು ಉಂಗುರ ಯಾಕೆ ಹಾಳಾಯಿತು ಅಂದರೆ, ಅದು ಕಲ್ಲಿನ ಸ್ವಭಾವವೇ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಮೂನ್‌ಸ್ಟೋನಿನದು 6ರಿಂದ 6.5. ನಮ್ಮ ಮನೆಯ ಧೂಳಿನಲ್ಲಿ ಸಾಮಾನ್ಯವಾಗಿ ಇರುವ ಸ್ಫಟಿಕದ (ಕ್ವಾರ್ಟ್ಜ್ ಖನಿಜದ) ಕಣಗಳದ್ದು 7. ಅಂದರೆ ಧೂಳು ಕೂತ ಹರಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೂ ಸಣ್ಣ ಗೀರು ಬೀಳುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲೂ ಅದೇ ಸ್ಫಟಿಕ ಇದೆ. ಪಾತ್ರೆ ತೊಳೆಯುವ ಕೈ ದಿನಕ್ಕೆ ಎಷ್ಟು ಸಲ ಆ ಕಟ್ಟೆಗೆ ತಾಗುತ್ತದೆ, ಅಲ್ವಾ? ಇದಕ್ಕಿಂತ ಜಾಸ್ತಿ ಚಿಂತೆಯ ಸಂಗತಿ ಏನೆಂದರೆ, ಈ ಕಲ್ಲು ಎರಡು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಸರಿಯಾದ ಕೋನದಲ್ಲಿ ಒಂದು ಪೆಟ್ಟು ಬಿದ್ದರೆ ಅಷ್ಟೇ. ನನ್ನ ಉಂಗುರದಲ್ಲಿ ಹರಳನ್ನು ನಾಲ್ಕು ಬೆಳ್ಳಿ ಕೊಕ್ಕೆಗಳು ಮಾತ್ರ ಹಿಡಿದಿವೆ, ಅಂಚು ಪೂರ್ತಿ ಬಯಲು. ಪದಕದಲ್ಲಿ ಸುತ್ತಲೂ ಬೆಳ್ಳಿಯ ಪಟ್ಟಿ ಕಟ್ಟಿದೆ. ಉಂಗುರವೇ ಬೇಕು ಅನ್ನುವವರು ಹೀಗೆ ಸುತ್ತ ಪಟ್ಟಿ ಕಟ್ಟಿಸಿ, ಹರಳನ್ನು ತಗ್ಗಾಗಿ ಕೂರಿಸಲು ಹೇಳಿ. ಮದುವೆ, ಹಬ್ಬಕ್ಕೆ ಮಾತ್ರ ಹಾಕಿ. ಮಂಕಾದ ಹರಳನ್ನು ಸಾಣೆ ಹಿಡಿಸಿದರೆ ಹೊಳಪು ವಾಪಸ್ ಬರುತ್ತದೆ, ಆದರೆ ಪ್ರತಿ ಸಲವೂ ಕಲ್ಲು ಸ್ವಲ್ಪ ಸವೆಯುತ್ತದೆ.

ಶುಚಿ ಮಾಡುವುದು ಸುಲಭ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್. ಬೆಳ್ಳಿ ಕಪ್ಪಾಯಿತು ಅಂತ ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ, ಹರಳಿಗೆ ಗೀರು ಬೀಳುತ್ತದೆ. ಅಂಗಡಿಯವರು ಒಡವೆಯನ್ನು ಕಂಪನದಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಮೆಷಿನ್ನಿಗೆ ಹಾಕಲು ಹೊರಟರೆ ತಡೆಯಿರಿ. ಆ ಕಂಪನಕ್ಕೆ ಒಳಗೆ ಇರುವ ಸಣ್ಣ ಬಿರುಕು ದೊಡ್ಡದಾಗಬಹುದು.

ಹರಳಿನ ಅರ್ಥದ ಬಗ್ಗೆ ಹಲವರು ಕೇಳುತ್ತಾರೆ. ನಮ್ಮಲ್ಲಿ ಇದು ಚಂದ್ರಕಾಂತ ಶಿಲೆ. ಬೆಳದಿಂಗಳು ಬಿದ್ದರೆ ಚಂದ್ರಕಾಂತ ನೀರು ಸುರಿಸುತ್ತದೆ ಎಂದು ಹಳೆಯ ಕವಿಗಳು ವರ್ಣಿಸಿದ್ದಾರೆ. ಜ್ಯೋತಿಷ್ಯ ನಂಬುವವರು ಮುತ್ತಿನ ಬದಲು ಇದನ್ನು ಬೆಳ್ಳಿಯಲ್ಲಿ ಕಟ್ಟಿಸಿ ಸೋಮವಾರ ಧರಿಸುವುದುಂಟು. ಚಂದ್ರ ಮನಸ್ಸಿಗೆ ಕಾರಕ ಅನ್ನುವ ನಂಬಿಕೆ ಅದರ ಹಿಂದಿದೆ. ಪಾಶ್ಚಾತ್ಯರಿಗೆ ಇದು ಜೂನ್ ತಿಂಗಳಲ್ಲಿ ಹುಟ್ಟಿದವರ ಹರಳು. ಅಮೆರಿಕದ ಫ್ಲಾರಿಡಾ ರಾಜ್ಯ 1970ರಲ್ಲಿ ಇದನ್ನು ತನ್ನ ರಾಜ್ಯರತ್ನ ಮಾಡಿಕೊಂಡಿತು. ಕಲ್ಲು ಅಲ್ಲಿ ಸಿಗುವುದೇ ಇಲ್ಲ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ನೆನಪಿಗೆ ಆರಿಸಿದ್ದು, ಆ ರಾಕೆಟ್ ಹಾರಿದ್ದು ಫ್ಲಾರಿಡಾದಿಂದಲೇ. ನನಗೆ ಈ ಕಥೆಗಳೆಲ್ಲ ಇಷ್ಟ. ಆದರೆ ನಿದ್ದೆ ಬರುತ್ತದೆ, ಹಾರ್ಮೋನ್ ಸರಿಹೋಗುತ್ತದೆ ಅಂತ ಹೇಳಿ ಜಾಸ್ತಿ ದುಡ್ಡು ಕೇಳುವವರಿಂದ ದಯವಿಟ್ಟು ಕೊಳ್ಳಬೇಡಿ. ನನ್ನ ನಿದ್ದೆಯಲ್ಲಿ ಒಂದು ಬದಲಾವಣೆಯೂ ಆಗಿಲ್ಲ.

ಮಾರುಕಟ್ಟೆಯಲ್ಲಿ ಗೊಂದಲ ತುಂಬಾ ಇದೆ. ‘ರೇನ್‌ಬೋ ಮೂನ್‌ಸ್ಟೋನ್’ ಅಂತ ಮಾರುವುದು ನಿಜವಾಗಿ ಲ್ಯಾಬ್ರಡೋರೈಟ್. ಅದೂ ಫೆಲ್ಡ್‌ಸ್ಪಾರ್ ಜಾತಿಯದೇ, ಚೆನ್ನಾಗಿಯೂ ಇರುತ್ತದೆ, ಆದರೆ ಶ್ರೀಲಂಕಾದ ನೀಲಿಯ ಬೆಲೆ ಅದಕ್ಕೆ ಕೊಡಬೇಡಿ. ಕಡಿಮೆ ಬೆಲೆಗೆ ಬೇಕಿದ್ದರೆ ತಮಿಳುನಾಡಿನ ಕಾಂಗೇಯಂ ಕಡೆಯ ಹರಳು ಕೇಳಿ ನೋಡಿ. ಭಾರತದ ಕಲ್ಲುಗಳಲ್ಲಿ ಬೂದಿ, ಕಂದು, ಪೀಚ್ ಬಣ್ಣಗಳು ಸಿಗುತ್ತವೆ. ನನ್ನ ತಂಗಿಯ ಪೀಚ್ ಬಣ್ಣದ ಓಲೆ ನೋಡಿದವರೆಲ್ಲ ಎಲ್ಲಿ ತಗೊಂಡೆ ಅಂತ ಕೇಳುತ್ತಾರೆ.

ಅವಳೇ ಆನ್‌ಲೈನ್‌ನಲ್ಲಿ ತರಿಸಿದ ಒಂದು ಮಣಿಸರ ಮಾತ್ರ ಬರೀ ಗಾಜು. ಓಪಲೈಟ್ ಅನ್ನುತ್ತಾರೆ. ಕಪ್ಪು ಬಟ್ಟೆಯ ಮೇಲಿಟ್ಟರೆ ನೀಲಿ, ಬೆಳಕಿಗೆ ಎತ್ತಿ ಹಿಡಿದರೆ ಕಿತ್ತಳೆ ಬಣ್ಣ ಕಾಣುತ್ತದೆ. ಭೂತಗನ್ನಡಿಯಲ್ಲಿ ಗಾಳಿಗುಳ್ಳೆಯೂ ಕಂಡಿತು. ನಿಜವಾದ ಹರಳಿನ ಬೆಳಕು ತಿರುಗಿಸಿದಂತೆ ಜಾಗ ಬದಲಿಸುತ್ತದೆ, ಗಾಜಿನದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ತಿರುಗಿಸಿ ನೋಡಿ. ಆ ಬೆಳಕು ಹರಳಿನ ನಡುವೆ ಬಂದು ನಿಲ್ಲಬೇಕು. ಒಂದು ಪಕ್ಕಕ್ಕೇ ಸರಿದು ನಿಂತರೆ ಕಲ್ಲು ನಿಜವಾದದ್ದೇ ಇರಬಹುದು, ಆದರೆ ಕತ್ತರಿಸಿದವರು ಪದರದ ದಿಕ್ಕು ನೋಡಿಲ್ಲ. ಅಂಥದ್ದಕ್ಕೆ ಬೆಲೆ ಇಳಿಸಲು ಕೇಳಿ, ಬಿಲ್ಲಿನಲ್ಲಿ ‘ನೈಸರ್ಗಿಕ ಮೂನ್‌ಸ್ಟೋನ್’ ಅಂತ ಬರೆಸಿಕೊಳ್ಳಿ.