ಆರು ವರ್ಷ, 61 ಸಾವಿರ ಕಿಲೋಮೀಟರ್: ನಮ್ಮ ವ್ಯಾಗನ್‌ಆರ್, ಅಮ್ಮನ ಮಂಡಿನೋವು

ಅಮ್ಮ ನಮ್ಮ ಕಾರು ಹತ್ತುವುದನ್ನು ನೋಡುವುದೇ ನನಗೊಂದು ಖುಷಿ. ಬಾಗಿಲು ತೆಗೆದು ಸೀಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಹಾಗೇ ಕೂರುತ್ತಾರೆ. ಆಮೇಲೆ ಸೆರಗು ಮಡಿಲಿಗೆ ಎಳೆದುಕೊಂಡು ಒಂದೊಂದೇ ಕಾಲು ಒಳಗಿಡುತ್ತಾರೆ. ಬಗ್ಗಬೇಕಿಲ್ಲ, ಏರಬೇಕಿಲ್ಲ. ಹಳೇ ಕಾರಿನಲ್ಲಿ ಸೀಟು ತೀರಾ ಕೆಳಗಿತ್ತು. ಅವರನ್ನು ಇಳಿಸುವುದಕ್ಕೆ ನಾನು, ಹೆಂಡತಿ ಇಬ್ಬರೂ ಕೈ ಹಿಡಿದು ಎಳೆಯಬೇಕಿತ್ತು.

2019ರ ದೀಪಾವಳಿಗೆ ಇದನ್ನು ತಗೊಳ್ಳುವಾಗ ಸೀಟಿನ ಎತ್ತರ ನನ್ನ ತಲೆಯಲ್ಲೇ ಇರಲಿಲ್ಲ. ಆಗ ಇದ್ದದ್ದು ದುಡ್ಡಿನ ಲೆಕ್ಕ ಮಾತ್ರ. 2020ರ ಏಪ್ರಿಲ್‌ಗೆ ಬಿಎಸ್6 ಅನ್ನುವ ಹೊಸ ಹೊಗೆ ನಿಯಮ ಬರುತ್ತದೆ, ಅಷ್ಟರೊಳಗೆ ಹಳೇ ಸ್ಟಾಕ್ ಖಾಲಿಯಾಗಬೇಕು ಅಂತ ಡೀಸೆಲ್ ಕಾರುಗಳಿಗೆ ಒಳ್ಳೇ ರಿಯಾಯಿತಿ ಇತ್ತು. ನೆಂಟರೆಲ್ಲ ಡೀಸೆಲ್ಲೇ ತಗೋ ಅಂದರು. ನಾನು ತಿಂಗಳಿಗೆ ಓಡಿಸುವುದು 850 ಕಿಲೋಮೀಟರ್ ಅಷ್ಟೇ. ರಿಯಾಯಿತಿ ಕಳೆದರೂ ಇದೇ ಅಳತೆಯ ಸಣ್ಣ ಡೀಸೆಲ್ ಕಾರಿಗೆ ಒಂದು ಲಕ್ಷ ಜಾಸ್ತಿ. ಅವತ್ತಿನ ರೇಟಿನಲ್ಲಿ ಉಳಿಯುವುದು ತಿಂಗಳಿಗೆ ಸಾವಿರ ಚಿಲ್ಲರೆ. ಅಂದರೆ ಆ ಒಂದು ಲಕ್ಷ ವಾಪಸ್ ಬರುವುದಕ್ಕೇ ಎಂಟು ವರ್ಷ ಬೇಕು! ಸುಮ್ನೆ ಯಾಕೆ ಅಂತ 1.2 ಲೀಟರ್ ಇಂಜಿನ್ನಿನ ಪೆಟ್ರೋಲ್ ಕಾರನ್ನೇ ಬುಕ್ ಮಾಡಿದೆ. ಆನ್‌ರೋಡ್ ಆರೂವರೆ ಲಕ್ಷ ಆಯಿತು. ನಮ್ಮ ರಾಜ್ಯದಲ್ಲಿ ಐದು ಲಕ್ಷ ದಾಟಿ ಹತ್ತು ಲಕ್ಷದೊಳಗಿನ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 14%, ಮೇಲೆ ಸೆಸ್. ಶೋರೂಂ ಬೆಲೆ ಮಾತ್ರ ನೋಡಿ ಬಜೆಟ್ ಹಾಕುವವರು ಇದನ್ನು ಮರೆಯಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇದೆ. ಮೊದಲ ದಿನದಿಂದ ಎಲ್ಲ ಖರ್ಚೂ ಬರೆದಿಟ್ಟಿದ್ದೇನೆ. ಪೆಟ್ರೋಲ್ 3,40,000. ಸರ್ವಿಸ್ 42,000. ನಾಲ್ಕು ಟೈರು, ಒಂದು ಬ್ಯಾಟರಿ ಸೇರಿ 20,500. ಮೊದಲ ವರ್ಷ ಬಿಟ್ಟು ಇನ್ಶೂರೆನ್ಸ್ 33,000. ಇಲಿ ಖರ್ಚು 6,500. ಕಿಲೋಮೀಟರಿಗೆ ಏಳೂಕಾಲು ರೂಪಾಯಿ ಬಿತ್ತು. ಈಗ ಮಾರಿದರೆ ಮೂರು ಎಂಬತ್ತು ಬರುತ್ತದೆ ಅನ್ನುತ್ತಾರೆ. ಇಳಿದುಹೋದ ಆ ಬೆಲೆಯನ್ನೂ ಸೇರಿಸಿದರೆ ಹನ್ನೆರಡು ರೂಪಾಯಿ ಹತ್ತಿರ. ಇಂಜಿನ್, ಗೇರ್‌ಬಾಕ್ಸ್ ಒಂದು ದಿನವೂ ಕೈಕೊಟ್ಟಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೆ ಅಮ್ಮನನ್ನು ತೋರಿಸಲು ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಮೈಲೇಜ್ ಹದಿನೇಳೂವರೆ ಇದ್ದದ್ದು ಈಚೆಗೆ ಹದಿನಾರೂವರೆಗೆ ಬಂದಿದೆ. ಬಂಕ್‌ನಲ್ಲಿ ಈಗ 20% ಎಥೆನಾಲ್ ಬೆರೆಸಿದ ಪೆಟ್ರೋಲ್ ಅಲ್ವಾ? ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಮ್ಮಿ.

ಇಲಿ ಖರ್ಚು ಅಂದೆನಲ್ಲ. ನಮ್ಮ ಕಾರು ನಿಲ್ಲುವುದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ. 2021ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಬಾನೆಟ್ ಎತ್ತಿದರೆ ಇಂಜಿನ್ ಮೇಲೆ ಅಡಿಕೆ ಸಿಪ್ಪೆ, ಹತ್ತಿಯ ಚೂರು, ಕಚ್ಚಿ ಬಿಡಿಸಿಟ್ಟ ಹಾಗೆ ತಾಮ್ರದ ಎಳೆಗಳು. ಒಂದು ವರ್ಕ್‌ಶಾಪಿನವರು ವೈರಿಂಗ್ ಪೂರ್ತಿ ಬದಲಿಸಬೇಕು, 28 ಸಾವಿರ ಅಂದರು. ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು ಮಧ್ಯಾಹ್ನವೆಲ್ಲ ಕೂತು ಒಂದೊಂದೇ ವೈರು ಬೆಸುಗೆ ಹಾಕಿ, ಸ್ಲೀವ್ ಏರಿಸಿ ಸರಿ ಮಾಡಿದರು. ಆಮೇಲೂ ಎರಡು ಸಲ ಕಡಿದಿವೆ. ಈಗ ದಿನಾ ರಾತ್ರಿ ಬಾನೆಟ್ ತೆರೆದಿಡುತ್ತೇನೆ. ಬ್ಯಾಟರಿ ಪಕ್ಕ ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು ಇದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದೇ ಟಾರ್ಚ್ ಬಿಟ್ಟು ನೋಡಿ, ಮಡ್‌ಗಾರ್ಡ್ ಎರಡು ಸಲ ತಟ್ಟಿ, ಆಮೇಲೆ ಬಾನೆಟ್ ಮುಚ್ಚುವುದು. ಎರಡು ವರ್ಷದಿಂದ ಒಂದು ವೈರೂ ಹೋಗಿಲ್ಲ.

ಇಷ್ಟು ಮೆಚ್ಚಿದ ಕಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ವ್ಯಾಗನ್‌ಆರ್‌ಗೆ ದೊಡ್ಡವರ ರಕ್ಷಣೆಗೆ ಐದರಲ್ಲಿ ಒಂದೇ ಸ್ಟಾರ್ ಬಂತು. ಮಕ್ಕಳ ರಕ್ಷಣೆಗೆ ಸೊನ್ನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ನೋಟ್‌ಬುಕ್‌ನಲ್ಲಿ ಪೈಸೆ ಪೈಸೆ ಬರೆದವನು ಇದನ್ನು ಯಾಕೆ ಲೆಕ್ಕಕ್ಕೇ ತಗೊಳ್ಳಲಿಲ್ಲ? ಮಗ ಈಗ ಲೈಸೆನ್ಸ್ ಮಾಡಿಸಿದ್ದಾನೆ. ಇದರಲ್ಲಿ ಒಬ್ಬನೇ ಬೆಂಗಳೂರಿಗೆ ಹೋಗುತ್ತೇನೆ ಅಂದರೆ ನಾನು ಬಿಡುವುದಿಲ್ಲ. ಊರೊಳಗೆ, ತೋಟಕ್ಕೆ, ಪೇಟೆಗೆ ಸರಿ.

ಹಾಗಾಗಿ ಮತ್ತೆ ಕಾರು ಹುಡುಕುತ್ತಿದ್ದೇನೆ. ಈ ಸಲ ಮೊದಲು ನೋಡುವುದು ಸ್ಟಾರು. ಕಳೆದ ಭಾನುವಾರ ಶಿವಮೊಗ್ಗಕ್ಕೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಐದು ಸ್ಟಾರ್‌ನ ಒಂದು ಎಸ್‌ಯುವಿ ತೋರಿಸಿದರು. ಅಮ್ಮ ಬಾಗಿಲ ಮೇಲಿನ ಹಿಡಿ ಹಿಡಿದು ಒಂದು ಕಾಲು ಇಟ್ಟರು. ಇನ್ನೊಂದು ಏಳಲಿಲ್ಲ. ಮೆಲ್ಲಗೆ ಇಳಿದು, "ನಮ್ಮ ಕಾರಲ್ಲೇ ಮನೆಗೆ ಹೋಗೋಣ ಮಗಾ" ಅಂದರು. ಮನೆಗೆ ಬಂದು ಟೇಪು ಹಿಡಿದು ನಮ್ಮ ಸೀಟು ನೆಲದಿಂದ ಎಷ್ಟು ಎತ್ತರ ಅಂತ ಅಳೆದೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಇನ್ನೂ ಎರಡು ಶೋರೂಂ ನೋಡುವುದಿದೆ.