ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಒಂದು ಬ್ರೇಕ್ ಪೆಡಲಿಗೆ ಎರಡು ದಿನ

ಪೆಡಲಿನ ಮೇಲೆ ಕಾಲಿಟ್ಟರೆ ಕಳಿತ ಹಲಸಿನ ಹಣ್ಣು ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಎರಡು ಸಲ ಪಂಪ್ ಮಾಡಿದರೆ ಮಾತ್ರ ಬ್ರೇಕು. ಶಿರಸಿಯಲ್ಲಿ ಮನೆಯಿಂದ ಮಾರಿಕಾಂಬಾ ಗುಡಿಯ ತನಕ ಹೋಗಿ ವಾಪಸ್ ಬರುವಷ್ಟರಲ್ಲಿ ಬೆವರು ಇಳಿದಿತ್ತು. ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಾದವನು ನಾನು. ಈ ಬ್ರೇಕ್ ನಂಬಿಕೊಂಡು ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ.

ನನ್ನದು 2012ರ ಸೆಡಾನ್, ಸೆಕೆಂಡ್ ಹ್ಯಾಂಡ್. ಎಬಿಎಸ್ (ಗಕ್ಕನೆ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡುವುದು), ಇಎಸ್‌ಪಿ (ಗಾಡಿ ಜಾರದ ಹಾಗೆ ಹಿಡಿಯುವುದು) ಎರಡೂ ಲೈಟ್ ಹತ್ತಿಕೊಂಡಾಗ ಸ್ಕ್ಯಾನ್ ಮಾಡಿಸಿದ್ದೆ. ಅವೆರಡನ್ನೂ ನಡೆಸುವ ಮಾಡ್ಯೂಲಿನ (ವಾಲ್ವು, ಪಂಪ್ ಇರುವ ಬ್ಲಾಕಿನ) ಒಳಗಿರುವ ಪ್ರೆಶರ್ ಸೆನ್ಸರ್ ಹೋಗಿದೆ, ಪೂರ್ತಿ ಬ್ಲಾಕೇ ಬದಲಿಸಬೇಕು ಎಂದರು. ಹೊಸದರ ಬೆಲೆ ಕೇಳಿದ ಮೇಲೆ ಎರಡು ದಿನ ಆ ವಿಷಯವನ್ನೇ ಮಾತಾಡಲಿಲ್ಲ. ಕೊನೆಗೆ ಬೆಂಗಳೂರಿನ ಗುಜರಿಯಿಂದ 18,500ಕ್ಕೆ ಹಳೆಯದೊಂದು ತರಿಸಿದೆ. ಪಾರ್ಟ್ ನಂಬರ್ ಅಕ್ಷರಕ್ಕೆ ಅಕ್ಷರ ಕೂಡಿತ್ತು. ನಮ್ಮೂರ ಮೆಕ್ಯಾನಿಕ್ ಅರ್ಧ ದಿನದಲ್ಲಿ ಕೂರಿಸಿ, ನಾಲ್ಕೂ ಚಕ್ರದಲ್ಲಿ ಬ್ರೇಕ್ ಆಯಿಲಿಗೆ ಸೇರಿದ್ದ ಏರ್ ತೆಗೆದು, ಪೆಡಲ್ ಮೆತ್ತಗಿದೆಯಲ್ಲ ಎಂದರೆ "ಹೆಗಡೇರೆ, ಓಡಿಸ್ತಾ ಓಡಿಸ್ತಾ ಸರಿಯಾಗ್ತದೆ" ಎಂದ. ಬ್ರೇಕು ಓಡಿಸುತ್ತಾ ಸರಿಯಾಗುವ ವಸ್ತುವಲ್ಲ. ಲೈಟುಗಳೂ ಆರಿರಲಿಲ್ಲ.

ಹಾಗಾಗಿ ಗಾಡಿ ಲಾರಿ ಮೇಲೆ ಹುಬ್ಬಳ್ಳಿಗೆ ಹೋಯಿತು. ನೂರು ಕಿಲೋಮೀಟರಿಗೆ 6,500 ರೂಪಾಯಿ ಬಾಡಿಗೆ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ, ಹೊಗಳಿಕೆಯ ಜೊತೆ ಒಂದು ತಕರಾರೂ ಇದೆ. ಎರಡು ಲಿಫ್ಟ್, ಒಂದು ಲ್ಯಾಪ್‌ಟಾಪ್, ಗಿರಾಕಿಗಳಿಗೆ ಒಂದೇ ಪ್ಲಾಸ್ಟಿಕ್ ಕುರ್ಚಿ. ಮಾಲೀಕನಿಗೆ ಮೂವತ್ತೈದು ಇರಬಹುದು.

ಅವನು ಮೊದಲು ಮಾಡಿದ್ದು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದ್ದು. ಕೋಡಿಂಗ್ (ಇದು ಯಾವ ಗಾಡಿ ಎಂದು ಮಾಡ್ಯೂಲಿಗೆ ತಿಳಿಸುವ ಕೆಲಸ) ನಡುವೆ ವೋಲ್ಟೇಜ್ ಬಿದ್ದರೆ ಮಾಡ್ಯೂಲೇ ಕೈಕೊಡಬಹುದಂತೆ. ಆಮೇಲೆ ಗೊತ್ತಾಯಿತು, ಗುಜರಿ ಮಾಡ್ಯೂಲಿನಲ್ಲಿ ಬೇರೆ ಯಾವುದೋ ಗಾಡಿಯ ಕೋಡಿಂಗ್ ಹಾಗೇ ಕೂತಿತ್ತು. ಎಂಜಿನ್ ಬೇರೆ, ಬ್ರೇಕ್ ಡಿಸ್ಕಿನ ಅಳತೆ ಬೇರೆ. "ಹಳೇದರ ಕೋಡ್ ಬರ್ಕೊಂಡಿದ್ರೇನ್ರಿ ಸರ?" ಎಂದು ಕೇಳಿದ. ಯಾರು ಬರೆದುಕೊಳ್ಳುತ್ತಾರೆ! ಅದೃಷ್ಟಕ್ಕೆ ಮೊದಲ ಸ್ಕ್ಯಾನಿನ ಫೋಟೋ ನನ್ನ ಫೋನಿನಲ್ಲಿ ಉಳಿದಿತ್ತು. ಒಂದು ಗೇಣು ಉದ್ದದ ಅಂಕಿ-ಅಕ್ಷರಗಳ ಸಾಲು. ಅದರ ನಡುವೆ ಒಂದು ಕಡೆ ಎಂಟೋ ಬಿಯೋ ತಿಳಿಯದೆ ಇಬ್ಬರೂ ಫೋನ್ ಹಿಗ್ಗಿಸಿ ನೋಡಿದ್ದೇ ನೋಡಿದ್ದು. ಎಂಟು ಹಾಕಿದರೆ ಮಾಡ್ಯೂಲ್ ಒಪ್ಪಲಿಲ್ಲ. ಬಿ ಹಾಕಿದ ಕೂಡಲೇ ಒಪ್ಪಿತು.

ಇನ್ನು ಏರ್ ತೆಗೆಯುವ ಕತೆ. ನಮ್ಮೂರಲ್ಲಿ ತೆಗೆದ ಮೇಲೂ ಒಳಗೆ ಎಲ್ಲಿ ಉಳಿಯಿತು ಎಂದು ಕೇಳಿದೆ. ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಬೇರೊಂದು ಹಳೇ ಬ್ಲಾಕ್ ತಂದು ತೋರಿಸಿದ. ಹನ್ನೆರಡು ವಾಲ್ವು. ಚಕ್ರಕ್ಕೆ ಎರಡರಂತೆ ಎಂಟು, ಇಎಸ್‌ಪಿಗೆಂದು ಇನ್ನೂ ನಾಲ್ಕು. ಅವುಗಳಲ್ಲಿ ಕೆಲವು ಸುಮ್ಮನಿದ್ದಾಗ ಮುಚ್ಚಿಕೊಂಡೇ ಇರುತ್ತವೆ. ಪೆಡಲ್ ಎಷ್ಟು ತುಳಿದರೂ ಅವುಗಳ ಹಿಂದಿನ ಗಾಳಿಗೆ ದಾರಿಯಿಲ್ಲ. ಲ್ಯಾಪ್‌ಟಾಪಿನಿಂದಲೇ ವಾಲ್ವ್ ತೆರೆಸಿ ಒಳಗಿನ ಪಂಪ್ ಓಡಿಸಬೇಕು. ಗುಜರಿ ರ‍್ಯಾಕಿನಲ್ಲಿ ಒಣಗಿ ಬಂದ ನನ್ನ ಬ್ಲಾಕಿನ ಹೊಟ್ಟೆ ತುಂಬ ಗಾಳಿಯೇ ಇತ್ತು.

ಚಕ್ರದ ಬ್ಲೀಡರಿಗೆ (ಗಾಳಿ ಹೊರಬಿಡುವ ತಿರುಪಿಗೆ) ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿ, ಹುಡುಗನನ್ನು ಪೆಡಲ್ ಮೇಲೆ ಕೂರಿಸಿದ. ಮೊದಲು ನಾಲ್ಕಾರು ಗುಳ್ಳೆ, ಅಷ್ಟೆ. ಲ್ಯಾಪ್‌ಟಾಪಿನಲ್ಲಿ ಒತ್ತಿದ. ಬಾನೆಟ್ ಒಳಗಿಂದ ಗರ್ರ್ ಎಂದು ಸದ್ದು ಬಂತು, ಹುಡುಗನ ಕಾಲಡಿ ಪೆಡಲ್ ಕುಸಿಯಿತು, ಪೈಪಿನಲ್ಲಿ ಗೋಲಿ ಸೋಡಾ ಒಡೆದ ಹಾಗೆ ಬಿಳಿ ನೊರೆ. "ನೋಡ್ರಿ, ಇದರಾಗ ಐತ್ರಿ ನಿಮ್ಮ ಗಾಳಿ!" ಆ ನೊರೆ ನೋಡಿಯೇ ನನಗೆ ಅರ್ಧ ದುಡ್ಡು ವಸೂಲಾಯಿತು.

ಇನ್ನೊಂದು ವಿಷಯ. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 (ಆಯಿಲಿನ ದರ್ಜೆ) ಎಂದಿದ್ದರೂ ನಮ್ಮೂರಲ್ಲಿ ಹಾಕಿದ್ದು ತೆರೆದಿಟ್ಟಿದ್ದ ಡಾಟ್ 3. ಡಾಟ್ 3 ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿಯಾದರೂ ಬೇಕು. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಇದೇ ಲೆಕ್ಕ 230, 155. ಘಟ್ಟ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಬ್ರೇಕೇ ಹಿಡಿಯುವುದಿಲ್ಲ, ಆ ವ್ಯತ್ಯಾಸವೇ ಜೀವ. ಇವನು ಸೀಲ್ ಒಡೆಯದ ಎರಡು ಡಬ್ಬಿ ಡಾಟ್ 4 ನನ್ನ ಎದುರೇ ತೆರೆದು, ಹಳೆಯದನ್ನೆಲ್ಲ ಹೊರಗೆ ಹಾಕಿಸಿದ.

ಸಂಜೆಗೆ ಕೊಡುತ್ತೇನೆ ಎಂದಿದ್ದವನು ಮರುದಿನ ಮಧ್ಯಾಹ್ನ ಕೊಟ್ಟ. ಫೋನ್ ಕೂಡ ಮಾಡಲಿಲ್ಲ, ಲಾಡ್ಜ್ ಖರ್ಚು ನನ್ನ ತಲೆಗೆ. ಆದರೆ ಆ ಹೊತ್ತನ್ನು ಅವನು ಸುಮ್ಮನೆ ಕಳೆದಿರಲಿಲ್ಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ಟೀರಿಂಗ್ ನೇರ ಮಾಡಿ, ಸ್ಟೀರಿಂಗ್ ಆ್ಯಂಗಲ್ ಸೆನ್ಸರಿಗೂ ಪ್ರೆಶರ್ ಸೆನ್ಸರಿಗೂ ಸೊನ್ನೆ ಯಾವುದೆಂದು ಕಲಿಸಿದ. ಅದಾದ ಮೇಲೇ ಇಎಸ್‌ಪಿ ಲೈಟ್ ಆರಿದ್ದು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಮಣ್ಣಿನ ಜಾಗದಲ್ಲಿ ನಲವತ್ತರ ವೇಗಕ್ಕೆ ಗಕ್ಕನೆ ಬ್ರೇಕ್ ಒತ್ತಿದ. ಪೆಡಲ್ ಟಕಟಕ ನಡುಗಿತು, ಗಾಡಿ ನೇರವಾಗಿ ನಿಂತಿತು. ವಾಪಸ್ ಬಂದು ಮತ್ತೊಮ್ಮೆ ನಾಲ್ಕೂ ಚಕ್ರ ಬ್ಲೀಡ್ ಮಾಡಿದ. ಎಬಿಎಸ್ ಓಡಿದ ಮೇಲೆ ಒಳಗಿನ ಪುಡಿ ಗಾಳಿ ಹೊರಗೆ ಬರುತ್ತದಂತೆ. ಈ ಎರಡನೇ ಸಲಕ್ಕೆ ಅವನು ದುಡ್ಡು ಹಾಕಲಿಲ್ಲ.

ತಕರಾರು ಏನೆಂದರೆ, ಹುಡುಗ ಬ್ರೇಕ್ ಆಯಿಲ್ ಚೆಲ್ಲಿ ಎಡಗಡೆ ಫೆಂಡರಿನ ಬಣ್ಣ ಹೆಬ್ಬೆರಳಗಲ ಎದ್ದಿದೆ. ಕೂಡಲೇ ನೀರು ಹಾಕಿದ್ದರೆ ಉಳಿಯುತ್ತಿತ್ತು, ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಿದ್ದ. ನಾನೇ ತೋರಿಸುವ ತನಕ ಯಾರೂ ಬಾಯಿ ಬಿಡಲಿಲ್ಲ. ಬಿಲ್ಲು: ಕೆಲಸಕ್ಕೆ 6,000, ಆಯಿಲಿಗೆ 1,300, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 8,614. ಜಿಎಸ್‌ಟಿ ಮಾತು ಮೊದಲು ಎತ್ತಿರಲೇ ಇಲ್ಲ. ಕೊನೆಗೆ 8,000 ತೆಗೆದುಕೊಂಡ. ಆ 614 ಬಣ್ಣದ ಲೆಕ್ಕವೋ ಮುಖದಾಕ್ಷಿಣ್ಯವೋ ನಾನು ಕೇಳಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂಡಗೋಡ ದಾರಿಯಲ್ಲಿ ಗಾಡಿ ನಾನೇ ಓಡಿಸಿಕೊಂಡು ಬಂದೆ, ಮುಂದಿನ ಮಂಗಳವಾರ ದೇವಿಮನೆಯನ್ನೂ ಇಳಿದೆ. ಪೆಡಲ್ ಒಂದು ಬೆರಳಿನಷ್ಟು ಇಳಿದು ಕಲ್ಲಿನ ಹಾಗೆ ನಿಲ್ಲುತ್ತದೆ. ನಮ್ಮೂರ ಮೆಕ್ಯಾನಿಕ್ ಅದನ್ನು ಎರಡು ಸಲ ತುಳಿದು ನೋಡಿ, ಆ ಲ್ಯಾಪ್‌ಟಾಪಿಗೆ ಎಷ್ಟಾಗ್ತದೆ ವಿಚಾರಿಸಿ ಎಂದಿದ್ದಾನೆ.